ಒಂದು ಗೇಣು ನೀರು: ಮಾನುವೆಲ್ ಫ್ರಿಗೊ ಮತ್ತು ರಿಲೇಯ ಕೊನೆಯ ನೂರು ಮೀಟರ್

ಮೊದಲು ಎರಡು ಅಂಕಿ ನೋಡಿ. 47.63 ಸೆಕೆಂಡ್ ಮತ್ತು 47.06 ಸೆಕೆಂಡ್. ಎರಡೂ ಒಬ್ಬನೇ ಈಜುಗಾರನವು. ಎರಡೂ ಒಲಿಂಪಿಕ್ಸ್ ಫೈನಲ್‌ನಲ್ಲಿ, 4×100 ಮೀಟರ್ ಫ್ರೀಸ್ಟೈಲ್ ರಿಲೇಯ ಕೊನೆಯ ಲೆಗ್‌ನಲ್ಲಿ, ಅಂದರೆ ತಂಡದ ನಾಲ್ಕನೆಯವನು ಈಜುವ ನೂರು ಮೀಟರ್‌ನಲ್ಲಿ ಬಂದವು. ಮೊದಲನೆಯದು 2021ರಲ್ಲಿ ಟೋಕಿಯೊದಲ್ಲಿ, ಎರಡನೆಯದು 2024ರಲ್ಲಿ ಪ್ಯಾರಿಸ್‌ನಲ್ಲಿ. ಎರಡು ಸಲವೂ ಬೆನ್ನು ಹತ್ತಿದವನು ಅದೇ ಆಸ್ಟ್ರೇಲಿಯಾದ ಕೈಲ್ ಚಾಮರ್ಸ್.

ಮೂರು ವರ್ಷದಲ್ಲಿ ಈ ಹುಡುಗ 0.57 ಸೆಕೆಂಡ್ ವೇಗವಾದ. ನೂರು ಮೀಟರ್ ಈಜಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಪದಕ ಬೆಳ್ಳಿಯಿಂದ ಕಂಚಿಗೆ ಇಳಿಯಿತು.

ಇಟಲಿಯ ಮಾನುವೆಲ್ ಫ್ರಿಗೊನ ವೃತ್ತಿಜೀವನವನ್ನು ನಾನು ಈ ಎರಡು ಅಂಕಿಗಳ ನಡುವೆ ಇಟ್ಟು ನೋಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಯಾಕೆಂದರೆ ರಿಲೇ ಈಜುಗಾರ ಅನ್ನುವ ಮನುಷ್ಯನನ್ನು ನಾವು ಸರಿಯಾಗಿ ನೋಡುವುದೇ ಇಲ್ಲ. ಪದಕದ ಪಟ್ಟಿಯಲ್ಲಿ ದೇಶದ ಹೆಸರು ಇರುತ್ತದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಹೆಸರು, ನಾವು ಅದರಲ್ಲಿ ಗೊತ್ತಿರುವ ಒಂದು ಹೆಸರನ್ನು ಓದಿ ಮುಂದೆ ಹೋಗುತ್ತೇವೆ. ಇಟಲಿ ತಂಡದಲ್ಲಿ ಆ ಗೊತ್ತಿರುವ ಹೆಸರು ಥಾಮಸ್ ಚೆಕ್ಕೊನ್, ಇಲ್ಲವೇ ಅಲೆಸ್ಸಾಂಡ್ರೊ ಮಿರೆಸ್ಸಿ. ಫ್ರಿಗೊ ಅಲ್ಲ.

ಫ್ರಿಗೊ ಹುಟ್ಟಿದ್ದು 1997ರಲ್ಲಿ, ಉತ್ತರ ಇಟಲಿಯ ವೆನೆಟೊ ಪ್ರಾಂತ್ಯದ ಚಿತ್ತದೆಲ್ಲಾ ಎಂಬ ಊರಿನಲ್ಲಿ. ಪಾದುವಾ ಪಕ್ಕದ ಸಣ್ಣ ಊರು. ಊರಿನ ಸುತ್ತ ಮಧ್ಯಯುಗದ ಕೋಟೆ ಗೋಡೆ ಇದೆ, ಇವತ್ತಿಗೂ ಆ ಗೋಡೆಯ ಮೇಲೆಯೇ ನಡೆದು ಊರನ್ನು ಸುತ್ತು ಹಾಕಬಹುದು. ವೆನೆಟೊ ಅಂದರೆ ಈಜಿನ ಸೀಮೆ. ಫೆಡೆರಿಕಾ ಪೆಲ್ಲೆಗ್ರಿನಿ ಅಲ್ಲಿಯವಳು, ಚೆಕ್ಕೊನ್ ಕೂಡ ಅದೇ ಪ್ರಾಂತ್ಯದವನು.

ಫ್ರಿಗೊ ಈಜುವುದು ಫಿಯಮ್ಮೆ ಒರೊ ಪರವಾಗಿ. ಇಟಲಿಯ ಪೊಲೀಸ್ ಇಲಾಖೆಯ ಕ್ರೀಡಾ ವಿಭಾಗ ಅದು. ಮಿರೆಸ್ಸಿಯೂ ಅಲ್ಲೇ. ರಿಲೇ ತಂಡದ ಇನ್ನೊಬ್ಬ ಲೊರೆಂಜೊ ಝಾಝೇರಿ, ಅವನು ಸೇನೆಯ ಕ್ರೀಡಾ ಕೇಂದ್ರದವನು. ನಮ್ಮಲ್ಲಿ ರೈಲ್ವೇಸ್, ಸರ್ವೀಸಸ್ ಇದ್ದ ಹಾಗೆ ಅಂದರೆ ತಕ್ಷಣ ಅರ್ಥವಾಗುತ್ತದೆ ಅಲ್ವಾ? ಇದನ್ನು ಸುಮ್ನೆ ಹೇಳುತ್ತಿಲ್ಲ. ಒಂಟಿಯಾಗಿ ಗೆಲ್ಲುವವನಿಗೆ ಜಾಹೀರಾತು ಸಿಗುತ್ತದೆ, ಪ್ರಾಯೋಜಕರು ಸಿಗುತ್ತಾರೆ. ರಿಲೇಯಲ್ಲಿ ಮಾತ್ರ ಪದಕ ಗೆಲ್ಲುವವನ ಮನೆ ನಡೆಯಬೇಕಲ್ಲ. ತಿಂಗಳ ಸಂಬಳ ಕೊಟ್ಟು, ದಿನಕ್ಕೆ ಎರಡು ಸಲ ನೀರಿಗೆ ಇಳಿಯುವುದೇ ನಿನ್ನ ಕೆಲಸ ಅಂತ ಹೇಳುವ ಒಂದು ವ್ಯವಸ್ಥೆ ಇರುವುದರಿಂದಲೇ ಇಟಲಿಯಲ್ಲಿ ಫ್ರಿಗೊನಂಥವರು ಇಪ್ಪತ್ತೆಂಟರ ವಯಸ್ಸಿನಲ್ಲೂ ಈಜುತ್ತಿದ್ದಾರೆ.

ಇಟಾಲಿಯನ್ ಭಾಷೆಯಲ್ಲಿ ರಿಲೇಗೆ ಸ್ಟಾಫೆಟ್ಟಾ ಅನ್ನುತ್ತಾರೆ. ರಿಲೇ ಈಜುವವನು ಸ್ಟಾಫೆಟ್ಟಿಸ್ತಾ. ಅವನಿಗಾಗಿಯೇ ಒಂದು ಪದ ಇದೆ ಅನ್ನುವುದು ನನಗೆ ಬಹಳ ಹಿಡಿಸಿತು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟೋಕಿಯೊಗೆ ಮೊದಲು ಇಟಲಿಯ ಪುರುಷರು ಒಲಿಂಪಿಕ್ಸ್‌ನ 4×100 ಫ್ರೀಸ್ಟೈಲ್ ರಿಲೇಯಲ್ಲಿ ಒಂದೇ ಒಂದು ಪದಕ ಗೆದ್ದಿರಲಿಲ್ಲ. ಹತ್ತಿರ ಬಂದಿದ್ದರು. 2008ರ ಬೀಜಿಂಗ್‌ನಲ್ಲಿ ಅಮೆರಿಕ 3:08.24ರ ವಿಶ್ವದಾಖಲೆ ಮಾಡಿದ ಆ ಹುಚ್ಚು ರೇಸ್ ನೆನಪಿದೆಯಲ್ಲ, ಅದರಲ್ಲಿ ಇಟಲಿ ನಾಲ್ಕನೆಯದು. ಅವತ್ತು ಕೊನೆಯ ಲೆಗ್ ಈಜಿದವನು ಫಿಲಿಪ್ಪೊ ಮಾನ್ಯೀನಿ. 2005 ಮತ್ತು 2007ರಲ್ಲಿ ನೂರು ಮೀಟರ್‌ನ ವಿಶ್ವ ಚಾಂಪಿಯನ್. ಅಷ್ಟು ದೊಡ್ಡ ಈಜುಗಾರ ಇದ್ದೂ ಆಗಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾತ್ರ ಆಗಿತ್ತು, 2007ರಲ್ಲಿ ಮೆಲ್ಬರ್ನ್‌ನಲ್ಲಿ ಬೆಳ್ಳಿ, 2015ರಲ್ಲಿ ಕಜಾನ್‌ನಲ್ಲಿ ಕಂಚು. ಒಬ್ಬ ವಿಶ್ವ ಚಾಂಪಿಯನ್ ಇದ್ದರೆ ರಿಲೇ ಗೆಲ್ಲುವುದಿಲ್ಲ, 47 ಚಿಲ್ಲರೆಯಲ್ಲಿ ಈಜುವ ನಾಲ್ಕು ಜನ ಬೇಕು. ನಾಲ್ಕನೆಯವನನ್ನು ಹುಡುಕುವುದೇ ಕಷ್ಟ. ಎಲ್ಲ ದೇಶಕ್ಕೂ ಇದೇ ಪಾಡು.

ಟೋಕಿಯೊಗೆ ಹೋಗುವ ಹೊತ್ತಿಗೆ ಇಟಲಿಗೆ ಆ ನಾಲ್ಕು ಜನ ಸಿಕ್ಕಿದ್ದರು. ಎರಡು ಮೀಟರ್ ಎತ್ತರದ ಮಿರೆಸ್ಸಿ ಮೊದಲು. ಇಪ್ಪತ್ತರ ಹರೆಯದ ಚೆಕ್ಕೊನ್ ಎರಡನೆಯವನು. ಫ್ಲಾರೆನ್ಸ್‌ನ ಝಾಝೇರಿ ಮೂರನೆಯವನು. ಇವನು ಈಜುಗಾರನಷ್ಟೇ ಅಲ್ಲ, ಚಿತ್ರಕಾರ ಕೂಡ, ಕ್ಯಾನ್ವಾಸ್ ಮೇಲೆ ಕ್ರೀಡಾಪಟುಗಳನ್ನು ಬರೆಯುತ್ತಾನೆ. ಕೊನೆಗೆ ಫ್ರಿಗೊ. ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮೊದಲಿನ ಸುತ್ತಿನಲ್ಲಿ, ಸಾಂತೊ ಕೊಂಡೊರೆಲ್ಲಿಯೂ ಈಜಿದ, ಅವನಿಗೂ ಪದಕ ಸಿಕ್ಕಿತು. ಹೀಟ್ಸ್‌ನಲ್ಲೇ 3:10.29, ರಾಷ್ಟ್ರೀಯ ದಾಖಲೆ, ಎಲ್ಲರಿಗಿಂತ ಮೊದಲ ಸ್ಥಾನ.

ಜುಲೈ 26, 2021

ಸೋಮವಾರ. ನಮಗೆ ಬೆಳಗಿನ ಹೊತ್ತು. ಟೋಕಿಯೊದ ಪೂಲ್‌ನಲ್ಲಿ ಪ್ರೇಕ್ಷಕರಿಲ್ಲ, ಕೋವಿಡ್ ಕಾಲ. ಹಾಗಾಗಿ ಟಿವಿಯಲ್ಲಿ ನೀರಿನ ಸದ್ದೇ ಜಾಸ್ತಿ ಕೇಳುತ್ತಿತ್ತು.

ಲೆಗ್ ಲೆಗ್ ಆಗಿ ನೋಡೋಣ, ಯಾಕೆಂದರೆ ಇಡೀ ಪ್ರಕರಣ ಇರುವುದು ಇಲ್ಲೇ. ಮಿರೆಸ್ಸಿ 47.72. ಚೆಕ್ಕೊನ್ 47.45. ಝಾಝೇರಿ 47.31. ಅಮೆರಿಕದ ಮೊದಲ ಮೂವರು ಕೇಲೆಬ್ ಡ್ರೆಸೆಲ್ 47.26, ಬ್ಲೇಕ್ ಪಿಯರೋನಿ 47.58, ಬೋ ಬೆಕರ್ 47.44. ಕೂಡಿಸಿ ನೋಡಿದರೆ 300 ಮೀಟರ್ ಮುಗಿದಾಗ ಅಮೆರಿಕಕ್ಕೂ ಇಟಲಿಗೂ ನಡುವೆ ಇದ್ದದ್ದು ಬರೀ 0.20 ಸೆಕೆಂಡ್. ಒಂದು ಮೊಳದಷ್ಟು ನೀರು. ಹಿಂದೆ ಆಸ್ಟ್ರೇಲಿಯಾ. ಅವರ ಮೂರನೆಯವನು 48.16 ಈಜಿದ್ದರಿಂದ ಇಟಲಿಗಿಂತ 1.30 ಸೆಕೆಂಡ್ ಹಿಂದೆ ಬಿದ್ದಿದ್ದರು. ನೀರಿನಲ್ಲಿ ಅಳೆದರೆ ಎರಡೂಮುಕ್ಕಾಲು ಮೀಟರ್, ಆರು ಮೊಳ.

ಝಾಝೇರಿಯ ಕೈ ಗೋಡೆಗೆ ತಾಕಿತು. ಫ್ರಿಗೊ ಹಾರಿದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರಿಲೇಯಲ್ಲಿ ಎರಡನೆಯವನಿಂದ ಮುಂದಕ್ಕೆ ಯಾರೂ ಸದ್ದು ಕೇಳಿ ಹಾರುವುದಿಲ್ಲ. ನೀರಿನಲ್ಲಿ ಬರುತ್ತಿರುವ ಗೆಳೆಯನ ತಲೆಯನ್ನೇ ನೋಡುತ್ತಾ, ಅವನ ಕೊನೆಯ ಎರಡು ಕೈಬೀಸು ಎಣಿಸುತ್ತಾ, ತನ್ನ ತೋಳನ್ನು ಹಿಂದಕ್ಕೆ ಸುತ್ತಿ ಮುಂದಕ್ಕೆ ಬೀಸುತ್ತಾ, ಅವನ ಬೆರಳು ಟಚ್‌ಪ್ಯಾಡ್ ಮುಟ್ಟುವ ಹೊತ್ತಿಗೆ ತನ್ನ ಕಾಲಿನ ಹೆಬ್ಬೆರಳು ಬ್ಲಾಕ್‌ನ, ಅಂದರೆ ನಿಂತು ಹಾರುವ ಕಟ್ಟೆಯ, ಅಂಚು ಬಿಡುವ ಹಾಗೆ ದೇಹವನ್ನು ಎಸೆಯಬೇಕು. ಗೋಡೆಯಲ್ಲೂ ಬ್ಲಾಕ್‌ನಲ್ಲೂ ಸೆನ್ಸರ್ ಇರುತ್ತದೆ. ನೂರರಲ್ಲಿ ಮೂರು ಪಾಲು ಸೆಕೆಂಡ್‌ಗಿಂತ ಜಾಸ್ತಿ ಮೊದಲೇ ಕಾಲು ಬಿಟ್ಟರೆ ತಂಡವೇ ಔಟ್. ನಾಲ್ಕು ಜನರ ನಾಲ್ಕು ವರ್ಷ ನೀರುಪಾಲು. ಹೆದರಿ ತಡ ಮಾಡಿದರೆ ಮೊದಲು ಈಜಿದವನು ಗಳಿಸಿಕೊಟ್ಟ ಗೇಣು, ಮೊಳ ಎಲ್ಲ ಬ್ಲಾಕ್ ಮೇಲೆಯೇ ಕರಗಿ ಹೋಗುತ್ತದೆ. ಸರಿಯಾಗಿ ಹಾರಿದರೆ ಒಂಟಿ ರೇಸ್‌ಗಿಂತ ಅರ್ಧ ಸೆಕೆಂಡ್‌ಗೂ ಜಾಸ್ತಿ ಲಾಭ. ರಿಲೇ ಸ್ಪ್ಲಿಟ್‌ಗಳನ್ನು, ಅಂದರೆ ತಂಡದ ಒಬ್ಬೊಬ್ಬನ ನೂರು ಮೀಟರ್ ಟೈಮ್‌ಗಳನ್ನು, ಒಂಟಿ ರೇಸ್‌ನ ಟೈಮ್ ಜೊತೆ ಹೋಲಿಸಬಾರದು ಅನ್ನುವುದು ಇದಕ್ಕೇ. ದಾಖಲೆ ಪುಸ್ತಕಕ್ಕೂ ಮೊದಲ ಲೆಗ್ ಈಜಿದವನ ಟೈಮ್ ಮಾತ್ರ ಸೇರುತ್ತದೆ. ಕೊನೆಯವನು ಏನೇ ಮಾಡಲಿ, ಅವನ ಹೆಸರಿಗೆ ಒಂಟಿ ದಾಖಲೆ ಅಂತ ಏನೂ ಉಳಿಯುವುದಿಲ್ಲ.

ಸರಿ, ಫ್ರಿಗೊ ನೀರಿನಲ್ಲಿದ್ದಾನೆ. ಮುಂದೆ ಅಮೆರಿಕದ ಝ್ಯಾಕ್ ಆಪಲ್. ಅವನು 46.69 ಈಜಿ ದೂರ ಹೋಗಿಬಿಟ್ಟ, ಅವನನ್ನು ಹಿಡಿಯುವ ಮಾತೇ ಇಲ್ಲ. ಹಿಂದೆ ಚಾಮರ್ಸ್. 2016ರ ರಿಯೋದಲ್ಲಿ ಹದಿನೆಂಟನೇ ವಯಸ್ಸಿಗೇ ನೂರು ಮೀಟರ್ ಚಿನ್ನ ಗೆದ್ದವನು. ಅವನ ಬಲ ಇರುವುದೇ ಕೊನೆಯ ಐವತ್ತರಲ್ಲಿ, ಬೇರೆಯವರು ಸುಸ್ತಾಗುವ ಕಡೆ ಅವನು ಎದ್ದು ಬರುತ್ತಾನೆ. ಇಂಥವನು ಬೆನ್ನಿಗಿದ್ದಾನೆ ಅಂತ ಗೊತ್ತಿದ್ದೂ ಗಾಬರಿ ಬೀಳದೆ ಈಜುವುದು ದೊಡ್ಡ ಕೆಲಸ. ಮೊದಲ ಐವತ್ತರಲ್ಲಿ ಬೆದರಿ ಜಾಸ್ತಿ ಬಲ ಹಾಕಿದರೆ ಕೊನೆಯ ಹದಿನೈದು ಮೀಟರ್‌ನಲ್ಲಿ ಕೈ ಕಲ್ಲಾಗುತ್ತದೆ. ಕಾಲು ಮುಳುಗುತ್ತದೆ. ಈಜಿದವರಿಗೆ ಗೊತ್ತು.

ಚಾಮರ್ಸ್ ಅವತ್ತು ಈಜಿದ್ದು 46.44. ಫ್ರಿಗೊಗಿಂತ 1.19 ಸೆಕೆಂಡ್ ಬೇಗ. ಇದ್ದ 1.30ರಲ್ಲಿ 1.19 ಹೋಯಿತು. ಉಳಿದದ್ದು 0.11.

ಇಟಲಿ 3:10.11, ಆಸ್ಟ್ರೇಲಿಯಾ 3:10.22. ಆ ವೇಗದಲ್ಲಿ 0.11 ಸೆಕೆಂಡ್ ಅಂದರೆ ಸುಮಾರು 23 ಸೆಂಟಿಮೀಟರ್. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಕೈ ಅಗಲಿಸಿ ನೋಡಿ. ಅಷ್ಟೇ. ಒಂದು ಗೇಣು. ಇಟಲಿಗೆ ಈ ರಿಲೇಯಲ್ಲಿ ಮೊದಲ ಒಲಿಂಪಿಕ್ ಪದಕ ಬೆಳ್ಳಿಯಾಗಿ ಬಂದದ್ದು ಒಂದು ಗೇಣು ನೀರಿನ ಅಂತರದಲ್ಲಿ.

ಅವತ್ತಿನ ಸ್ಪ್ಲಿಟ್ ಪಟ್ಟಿ ನೋಡಿದರೆ ಇಟಲಿಯ ನಾಲ್ವರಲ್ಲಿ ಫ್ರಿಗೊನದು ವೇಗದ ಟೈಮ್ ಅಲ್ಲ, ಅದು ಝಾಝೇರಿಯದು. ಹಾರಿ ಶುರು ಮಾಡಿದ ಮೂವರಲ್ಲಿ ಫ್ರಿಗೊನದೇ ನಿಧಾನದ್ದು. ಅಂಕಿಯನ್ನಷ್ಟೇ ನೋಡುವವರು ಹೇಳಬಹುದು, ಇವನು ಆಸ್ತಿಯಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಬಿಟ್ಟ ಅಂತ. ನಾನು ಒಪ್ಪುವುದಿಲ್ಲ. ಕೊನೆಯವನ ಕೆಲಸ ಆಸ್ತಿ ಬೆಳೆಸುವುದಲ್ಲ, ಗೋಡೆ ಮುಟ್ಟುವ ತನಕ ಅದನ್ನು ಉಳಿಸುವುದು. ಅವನಿಗೆ 1.30 ಕೊಟ್ಟಿದ್ದರು, ಎದುರಿಗೆ ಆ ರೇಸ್‌ನ ಅತಿ ವೇಗದ ಮನುಷ್ಯನನ್ನು ನಿಲ್ಲಿಸಿದ್ದರು. ಅವನು ಗೋಡೆ ಮುಟ್ಟಿದಾಗ ಇಟಲಿ ಇನ್ನೂ ಮುಂದಿತ್ತು. ಅಷ್ಟೇ ಕೇಳಿದ್ದು, ಅಷ್ಟನ್ನು ಅವನು ಕೊಟ್ಟ.

ನಡುವಿನ ಮೂರು ವರ್ಷ ಬೇಗ ಹೇಳಿಬಿಡುತ್ತೇನೆ. 2022ರ ಜೂನ್‌ನಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್, ಅದೇ ನಾಲ್ವರು, 3:10.95, ಕಂಚು. ಅದೇ ವರ್ಷ ಆಗಸ್ಟ್‌ನಲ್ಲಿ ರೋಮ್‌ನ ಫೋರೊ ಇತಾಲಿಕೊದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್, ತಮ್ಮ ಜನರ ಎದುರು, ಬಯಲಿನ ಪೂಲ್‌ನಲ್ಲಿ, 3:10.50, ಚಿನ್ನ. 2023ರಲ್ಲಿ ಫುಕುವೋಕ ವಿಶ್ವ ಚಾಂಪಿಯನ್‌ಷಿಪ್, 3:10.49, ಆಸ್ಟ್ರೇಲಿಯಾದ ಹಿಂದೆ ಬೆಳ್ಳಿ, ಅಮೆರಿಕ ಮೂರನೆಯದು. 2024ರ ಫೆಬ್ರವರಿಯಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್, 3:12.08, ಮತ್ತೆ ಬೆಳ್ಳಿ. ಚೀನಾದ ಪಾನ್ ಝಾನ್‌ಲೆ ಮೊದಲ ಲೆಗ್‌ನಲ್ಲೇ 46.80ರ ವಿಶ್ವದಾಖಲೆ ಮಾಡಿದ್ದು ಆ ರೇಸ್‌ನಲ್ಲೇ.

ಈ ಟೈಮ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 10.11, 10.95, 10.50, 10.49. ದೋಹಾ ಬಿಟ್ಟರೆ ಪ್ರತಿ ಸಲ 3 ನಿಮಿಷ 10 ಸೆಕೆಂಡ್ ಚಿಲ್ಲರೆ. ಬಾಗಿಲು ತಟ್ಟುತ್ತಲೇ ಇದ್ದಾರೆ, ಒಳಗೆ ಹೋಗಲು ಆಗುತ್ತಿಲ್ಲ. ಈ ಎಲ್ಲ ತಂಡಗಳಲ್ಲೂ ಫ್ರಿಗೊ ಇದ್ದ. ಇನ್ನೊಂದು ಮಾತು, ಇದು ಮುಖ್ಯ. ಮಿರೆಸ್ಸಿಗೆ ಮೆಡ್ಲೆ ರಿಲೇ (ನಾಲ್ವರು ನಾಲ್ಕು ಬೇರೆ ಬೇರೆ ಶೈಲಿಯಲ್ಲಿ ಈಜುವ ರಿಲೇ) ಇದೆ, ಬುಡಾಪೆಸ್ಟ್‌ನಲ್ಲಿ ಆ ತಂಡ ವಿಶ್ವ ಚಿನ್ನವನ್ನೇ ಗೆದ್ದಿತು. ಚೆಕ್ಕೊನ್‌ಗೆ ಬ್ಯಾಕ್‌ಸ್ಟ್ರೋಕ್ ಇದೆ, ಬುಡಾಪೆಸ್ಟ್‌ನಲ್ಲಿ 51.60ರ ವಿಶ್ವದಾಖಲೆ ಮಾಡಿದ. ಒಂದು ದೇಶದಿಂದ ಒಂಟಿ ಸ್ಪರ್ಧೆಗೆ ಇಬ್ಬರಿಗೆ ಮಾತ್ರ ಅವಕಾಶ. ಮೂರನೆಯವನು, ನಾಲ್ಕನೆಯವನು ಎಷ್ಟೇ ಚೆನ್ನಾಗಿ ಈಜಲಿ, ಅವರ ಪಾಲಿಗೆ ಉಳಿಯುವುದು ರಿಲೇ ಒಂದೇ. ಅಂದರೆ ವರ್ಷವಿಡೀ ಬೆಳಗ್ಗೆ ಸಂಜೆ ನೀರಿನಲ್ಲಿ ಬಿದ್ದು, ಜಿಮ್‌ನಲ್ಲಿ ಕಬ್ಬಿಣ ಎತ್ತಿ, ಕೊನೆಗೆ ಲೆಕ್ಕಕ್ಕೆ ಬರುವುದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು. ಒಲಿಂಪಿಕ್ಸ್ ಫೈನಲ್‌ನಲ್ಲಿ ಫ್ರಿಗೊ ಈಜಿದ್ದು ಎರಡು ಸಲ ಸೇರಿಸಿ ಒಂದೂವರೆ ನಿಮಿಷ, ಅಷ್ಟೇ.

ನನ್ನ ಮಗಳು ಈಜು ಕಲಿತ ಪೂಲ್‌ನಲ್ಲಿ ಬೇಸಿಗೆ ಶಿಬಿರದ ಕೊನೆಯ ದಿನ ಮಕ್ಕಳಿಗೆ ರಿಲೇ ಇಟ್ಟಿದ್ದರು. ಒಬ್ಬೊಬ್ಬರಿಗೆ 25 ಮೀಟರ್. ಸ್ಟಾಪ್‌ವಾಚ್ ಹಿಡಿಯಲು ಜನ ಸಾಲದೆ ನನ್ನ ಕೈಗೂ ಒಂದು ಕೊಟ್ಟರು. ನಾನು ನೋಡುತ್ತಿದ್ದ ಲೇನ್‌ನಲ್ಲಿ ಕೊನೆಗೆ ಈಜಿದ ಹುಡುಗಿಯನ್ನು ಪಕ್ಕದ ಲೇನ್‌ನ ಹುಡುಗಿ ಕೊನೆಯ ಐದು ಮೀಟರ್‌ನಲ್ಲಿ ದಾಟಿಬಿಟ್ಟಳು. ಮೇಲೆ ಬಂದವಳೇ ಕನ್ನಡಕ ಕೂಡ ತೆಗೆಯದೆ ಅಳಲು ಶುರು ಮಾಡಿದಳು, ಕನ್ನಡಕದೊಳಗೆ ನೀರು ತುಂಬಿಕೊಂಡಿತು. ನನ್ನಿಂದ ಸೋತೆವು, ನನ್ನಿಂದ ಸೋತೆವು ಅಂತ ಒಂದೇ ಮಾತು. ನನ್ನ ಕೈಯಲ್ಲಿದ್ದ ವಾಚ್ ಬೇರೆ ಹೇಳುತ್ತಿತ್ತು. ಆ ಶಿಬಿರದಲ್ಲಿ ಅವಳು ಈಜಿದ ಅತಿ ವೇಗದ 25 ಮೀಟರ್ ಅದು. ವಾಚ್ ತೋರಿಸಿದೆ. ಅವಳು ನೋಡಲಿಲ್ಲ. ಪ್ಯಾರಿಸ್ ರಿಲೇ ನೋಡುವಾಗ ನನಗೆ ಆ ಕನ್ನಡಕ ನೆನಪಾಯಿತು.

ಜುಲೈ 27, 2024

ಪ್ಯಾರಿಸ್, ಲಾ ಡಿಫಾನ್ಸ್ ಅರೀನಾ. ರಗ್ಬಿ ಆಡುವ ಜಾಗದಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಪೂಲ್, ಈ ಸಲ ಕಿಕ್ಕಿರಿದ ಜನ. ನಮಗೆ ಮಧ್ಯರಾತ್ರಿ ದಾಟಿತ್ತು.

ಫೈನಲ್ ತಂಡದಲ್ಲಿ ಒಂದು ಬದಲಾವಣೆ. ಝಾಝೇರಿ ಹೀಟ್ಸ್‌ನಲ್ಲಿ ಈಜಿದ, ಫೈನಲ್‌ನಲ್ಲಿ ಅವನ ಜಾಗಕ್ಕೆ ಪಾವೊಲೊ ಕೊಂಟೆ ಬೊನಿನ್ ಬಂದ, ಅವನಿಗೆ ಅದು ಮೊದಲ ಒಲಿಂಪಿಕ್ಸ್. ಹೀಟ್ಸ್‌ನಲ್ಲಿ ಲಿಯೊನಾರ್ದೊ ದೆಪ್ಲಾನೊ ಕೂಡ ಈಜಿದ್ದ. ಟೋಕಿಯೊದಲ್ಲಿ ನಾಲ್ವರಲ್ಲೇ ವೇಗವಾಗಿ ಈಜಿದ ಝಾಝೇರಿ ಈ ಸಲ ರಾತ್ರಿಯ ರೇಸ್ ಹೊತ್ತಿಗೆ ನೀರಿನ ಹೊರಗೆ. ಹೀಟ್ಸ್ ಈಜಿದವರಿಗೂ ಪದಕ ಉಂಟು. ಆದರೆ ವೇದಿಕೆ ಮೇಲೆ ನಿಲ್ಲುವವರು ನಾಲ್ಕೇ ಜನ. ಇದು ಅನ್ಯಾಯ ಅಂತ ಹೇಳುತ್ತಿಲ್ಲ, ಆ ದಿನ ಯಾರು ವೇಗವಾಗಿದ್ದಾರೋ ಅವರನ್ನು ಇಳಿಸಬೇಕು, ತಂಡ ನಡೆಯುವುದೇ ಹಾಗೆ. ಆದರೂ ನನಗೆ ಹೊಟ್ಟೆ ಚುರ್ ಅಂದಿತು.

ಮಿರೆಸ್ಸಿ 48.04. ಆಸ್ಟ್ರೇಲಿಯಾದ ಜ್ಯಾಕ್ ಕಾರ್ಟ್‌ರೈಟ್ 48.03. ಸರಿಸಮ. ಚೆಕ್ಕೊನ್ 47.44, ಆಸ್ಟ್ರೇಲಿಯಾದ ಫ್ಲಿನ್ ಸೌತಮ್ 48.00. ಈಗ ಇಟಲಿ 0.55 ಮುಂದೆ. ಮೂರನೇ ಲೆಗ್‌ನಲ್ಲಿ ಕೊಂಟೆ ಬೊನಿನ್ 48.16, ಆಸ್ಟ್ರೇಲಿಯಾದ ಕಾಯ್ ಟೇಲರ್ 47.73. ಅಂತರ ಕರಗಿತು. ಮೂರು ವರ್ಷದ ಹಿಂದೆ ಇದೇ ಮೂರನೇ ಲೆಗ್‌ನಲ್ಲಿ 48.16 ಈಜಿ ಹಿಂದೆ ಬಿದ್ದದ್ದು ಆಸ್ಟ್ರೇಲಿಯಾ. ಈ ಸಲ ಅದೇ ಅಂಕಿ ಇಟಲಿಯ ಪಾಲಿಗೆ ಬಂತು.

ಫ್ರಿಗೊ ಬ್ಲಾಕ್ ಮೇಲೆ ನಿಂತಾಗ ಇಟಲಿ ಆಸ್ಟ್ರೇಲಿಯಾಗಿಂತ ಎಷ್ಟು ಮುಂದೆ ಇತ್ತು ಗೊತ್ತಾ? 0.12 ಸೆಕೆಂಡ್.

ಒಂದು ಗೇಣು. ಟೋಕಿಯೊದಲ್ಲಿ ಮುಗಿಸಿದಾಗ ಕೈಯಲ್ಲಿ ಉಳಿದಿದ್ದಷ್ಟೇ ನೀರು ಪ್ಯಾರಿಸ್‌ನಲ್ಲಿ ಶುರು ಮಾಡುವಾಗ ಅವನ ಕೈಗೆ ಸಿಕ್ಕಿತು. ಪಕ್ಕದ ಬ್ಲಾಕ್‌ಗಳತ್ತ ಕಣ್ಣು ಹಾಯಿಸಿದರೆ ಮತ್ತೆ ಅದೇ ಚಾಮರ್ಸ್.

ಚಾಮರ್ಸ್ 46.59. ಫ್ರಿಗೊ 47.06. ಆಸ್ಟ್ರೇಲಿಯಾ 3:10.35, ಇಟಲಿ 3:10.70. ಚಿನ್ನ ಅಮೆರಿಕಕ್ಕೆ, 3:09.28. ಫ್ರಿಗೊ ಒಂದು ಗೇಣು ಮುಂದೆ ಹೊರಟು ಒಂದೂವರೆ ಮೊಳ ಹಿಂದೆ ಮುಟ್ಟಿದ.

ಟಿವಿಯಲ್ಲಿ ನೋಡುವವರಿಗೆ ಕಂಡದ್ದು ಇಷ್ಟು: ಇಟಲಿ ಎರಡನೇ ಸ್ಥಾನಕ್ಕಾಗಿ ಈಜುತ್ತಿತ್ತು, ಕೊನೆಯವನು ಹಿಂದೆ ಬಿದ್ದ, ಮೂರನೇ ಸ್ಥಾನ ಆಯಿತು. ಇಲ್ಲಿಗೆ ನಿಲ್ಲಿಸಿದರೆ ಫ್ರಿಗೊಗೆ ದೊಡ್ಡ ಮೋಸ ಮಾಡಿದ ಹಾಗೆ. ಸ್ಪ್ಲಿಟ್ ಪಟ್ಟಿ ಇನ್ನೊಂದು ಸಲ ತೆಗೆಯೋಣ.

ಇಟಲಿಯ ನಾಲ್ವರಲ್ಲಿ ಅವತ್ತು ಅತಿ ವೇಗದ ಟೈಮ್ ಫ್ರಿಗೊನದು. ಮೂರು ದಿನದ ಮೇಲೆ... ಅಲ್ಲ, ಎರಡೇ ದಿನದ ಮೇಲೆ, ಜುಲೈ 29ಕ್ಕೆ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದ ಚೆಕ್ಕೊನ್‌ಗಿಂತ ಅದು 0.38 ಬೇಗ. ಅಮೆರಿಕದ ಕೊನೆಯ ಲೆಗ್ ಈಜಿದವನು ಯಾರು? ಡ್ರೆಸೆಲ್. ಟೋಕಿಯೊದ ನೂರು ಮೀಟರ್ ಚಿನ್ನ ಗೆದ್ದವನು. ಅವನ ಸ್ಪ್ಲಿಟ್ 47.53. ಅವನಿಗೆ ಹಿಂದೆ ಯಾರೂ ಹತ್ತಿರ ಇರಲಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೂ ಕೊನೆಯ ಲೆಗ್‌ನಲ್ಲಿ ಫ್ರಿಗೊ ಡ್ರೆಸೆಲ್‌ಗಿಂತ 0.47 ಬೇಗ, ಚಾಮರ್ಸ್‌ಗಿಂತ 0.47 ತಡ. ಇಬ್ಬರು ಒಲಿಂಪಿಕ್ ಚಾಂಪಿಯನ್‌ಗಳ ಸರಿಯಾಗಿ ನಡುವೆ ಚಿತ್ತದೆಲ್ಲಾದ ಈ ಹುಡುಗ. ಟೋಕಿಯೊದಲ್ಲಿ ಚಾಮರ್ಸ್‌ಗೂ ಅವನಿಗೂ 1.19 ವ್ಯತ್ಯಾಸ ಇತ್ತು. ಅದು ಈಗ ಅರ್ಧಕ್ಕಿಂತ ಕಡಿಮೆಯಾಗಿದೆ.

ಟೋಕಿಯೊಗೂ ಪ್ಯಾರಿಸ್‌ಗೂ ತಂಡದ ಒಟ್ಟು ಟೈಮ್‌ನಲ್ಲಿ 0.59 ಹೆಚ್ಚಾಯಿತು. ಎಲ್ಲಿಂದ? ಮೊದಲ ಲೆಗ್‌ನಲ್ಲಿ 0.32 ಹೋಯಿತು, ಮೂರನೆಯದರಲ್ಲಿ 0.85 ಹೋಯಿತು. ಚೆಕ್ಕೊನ್ ಇದ್ದಲ್ಲೇ ಇದ್ದ, ಒಂದು ನೂರನೇ ಪಾಲು ಮಾತ್ರ ಚುರುಕು. ವಾಪಸ್ ತಂದವನು ಒಬ್ಬನೇ, ಫ್ರಿಗೊ, 0.57.

ಇನ್ನೊಂದು ಲೆಕ್ಕ ಇದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನಾನು ತಪ್ಪು ಮಾಡಿದೆನೇನೋ ಅಂತ ಮತ್ತೆ ಕೂಡಿಸಿ ನೋಡಿದೆ. ನಾಲ್ಕನೇ ಸ್ಥಾನದ ಚೀನಾದ ಟೈಮ್ 3:11.28. ಫ್ರಿಗೊ ಪ್ಯಾರಿಸ್‌ನಲ್ಲಿ ಟೋಕಿಯೊದಷ್ಟೇ ಈಜಿದ್ದರೆ, ಅಂದರೆ 47.63, ಇಟಲಿಯ ಟೈಮ್ 3:11.27 ಆಗುತ್ತಿತ್ತು. ಕಂಚು ಉಳಿಯುತ್ತಿತ್ತು ಒಂದೇ ಒಂದು ನೂರನೇ ಪಾಲು ಸೆಕೆಂಡ್‌ನಲ್ಲಿ, ಎರಡು ಸೆಂಟಿಮೀಟರ್‌ನಲ್ಲಿ. ಟೋಕಿಯೊದಲ್ಲಿ ಬೆಳ್ಳಿ ತಂದುಕೊಟ್ಟ ಈಜು ಪ್ಯಾರಿಸ್‌ನಲ್ಲಿ ತಂಡವನ್ನು ವೇದಿಕೆಯ ಅಂಚಿನಲ್ಲಿ ನೇತು ಹಾಕುತ್ತಿತ್ತು. ಹಾಗಾದರೆ ಯಾವ ರೇಸ್‌ನಲ್ಲಿ ಅವನು ಪದಕ ಉಳಿಸಿದ? ನನ್ನ ಪ್ರಕಾರ ಎರಡರಲ್ಲೂ. ಪ್ಯಾರಿಸ್‌ನದು ಇನ್ನೂ ದೊಡ್ಡ ಈಜು.

ಹೀಗಂತ ಕೊಂಟೆ ಬೊನಿನ್ ಮೇಲೆ ಬೆರಳು ತೋರಿಸುವುದು ಬೇಡ. ಮೊದಲ ಒಲಿಂಪಿಕ್ಸ್, ಮೊದಲ ರಾತ್ರಿ, ಕಿವಿತುಂಬ ಸದ್ದು. ಆಸ್ಟ್ರೇಲಿಯಾದ ಮೂರನೆಯವನಿಗೂ ಟೋಕಿಯೊದಲ್ಲಿ ಹೀಗೇ ಆಗಿತ್ತು. ರಿಲೇಯಲ್ಲಿ ಒಬ್ಬನಿಗೆ ಆಗದ ದಿನ ಇನ್ನೊಬ್ಬ ಹೆಗಲು ಕೊಡುತ್ತಾನೆ. ಟೋಕಿಯೊದಲ್ಲಿ ಮೊದಲ ಮೂವರು ಗಳಿಸಿಕೊಟ್ಟ ಆರು ಮೊಳ ಇಲ್ಲದಿದ್ದರೆ ಫ್ರಿಗೊಗೆ ಉಳಿಸಲು ಏನೂ ಇರುತ್ತಿರಲಿಲ್ಲ. ಪ್ಯಾರಿಸ್‌ನಲ್ಲಿ ಫ್ರಿಗೊ ಆ ಸಾಲವನ್ನು ಬೇರೊಬ್ಬನಿಗೆ ತೀರಿಸಿದ ಅಂತ ನನಗೆ ಅನಿಸುತ್ತದೆ.

ಆಗ ಇಟಲಿ ತಂಡದ ತಾಂತ್ರಿಕ ನಿರ್ದೇಶಕನಾಗಿದ್ದವನು ಚೆಜಾರೆ ಬುಟಿನಿ. ಎರಡೂ ಒಲಿಂಪಿಕ್ಸ್‌ನಲ್ಲಿ ಕೊನೆಗೆ ನಿಂತವನು ಫ್ರಿಗೊ. ಸಾಮಾನ್ಯವಾಗಿ ತಂಡಗಳು ತಮ್ಮ ಅತಿ ವೇಗದವನನ್ನು ಮೊದಲು ಅಥವಾ ಕೊನೆಗೆ ಇಡುತ್ತವೆ. ಆಸ್ಟ್ರೇಲಿಯಾ ಚಾಮರ್ಸ್‌ನನ್ನು ಕೊನೆಗೆ ಇಟ್ಟದ್ದು ಹಾಗೆಯೇ. ಇಟಲಿ ಬೇರೆ ದಾರಿ ಹಿಡಿಯಿತು, ಒಂಟಿ ರೇಸ್‌ನ ದೊಡ್ಡ ಹೆಸರುಗಳನ್ನು ಮುಂದೆ ಇಟ್ಟು ತಂಡವನ್ನು ಮುಂಚೂಣಿಗೆ ತಂದು ನಿಲ್ಲಿಸಿ, ಕೊನೆಗೆ ರಿಲೇಯಲ್ಲಿ ಪಳಗಿದವನನ್ನು ಇಳಿಸಿತು. ಮುಂದೆ ಇರುವವರ ಅಲೆಯಲ್ಲಿ, ಕಲಕಿದ ನೀರಿನಲ್ಲಿ ಈಜುವುದು ಕಷ್ಟ. ಮೊದಲ ಸಾಲಿನಲ್ಲಿ ಇದ್ದರೆ ಕೊನೆಯವನಿಗೆ ತಿಳಿನೀರು ಸಿಗುತ್ತದೆ. ಈ ಏರ್ಪಾಡು ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ನನಗಂತೂ ಸರಿ ಅನಿಸುತ್ತದೆ. ಎರಡು ಒಲಿಂಪಿಕ್ಸ್, ಎರಡು ಪದಕ, ಅದಕ್ಕೂ ಮೊದಲು ಸೊನ್ನೆ.

ಕರ್ನಾಟಕದ ಮಾತು ಇಲ್ಲಿ ಒಂದೇ ಕಡೆ ಬರುತ್ತದೆ, ಅದೂ ನಿಜವಾದ ನಂಟು. ಬೆಂಗಳೂರಿನ ಶ್ರೀಹರಿ ನಟರಾಜ್ ಟೋಕಿಯೊಗೆ ನೇರ ಅರ್ಹತೆಯ ಟೈಮ್ ಈಜಿದ್ದು ಇಟಲಿಯಲ್ಲೇ, 2021ರ ಜೂನ್‌ನಲ್ಲಿ ರೋಮ್‌ನ ಸೆಟ್ಟೆ ಕೊಲ್ಲಿ ಕೂಟದಲ್ಲಿ, 100 ಮೀಟರ್ ಬ್ಯಾಕ್‌ಸ್ಟ್ರೋಕ್ 53.77. ಫ್ರಿಗೊ ಮರುವರ್ಷ ಯುರೋಪಿನ ಚಿನ್ನ ಗೆದ್ದ ಅದೇ ಫೋರೊ ಇತಾಲಿಕೊ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ 4×100 ಫ್ರೀಸ್ಟೈಲ್ ರಿಲೇ ತಂಡ ಫೈನಲ್‌ಗೆ ಹೋಯಿತು. ತಂಡದಲ್ಲಿ ಶ್ರೀಹರಿ, ತನಿಷ್ ಜಾರ್ಜ್ ಮ್ಯಾಥ್ಯೂ ಇದ್ದರು. ಆ ರೇಸ್ ನಮ್ಮಲ್ಲಿ ಎಷ್ಟು ಜನ ನೋಡಿದರು? ಪೂಲ್ ಬಳಿ ಸಿಗುವ ಅಪ್ಪ ಅಮ್ಮಂದಿರು ಇವತ್ತಿಗೂ ಮಕ್ಕಳನ್ನು ಕೇಳುವುದು ನಿನ್ನ ಟೈಮ್ ಎಷ್ಟು ಅಂತ. ತಂಡದ ಟೈಮ್ ಎಷ್ಟು ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಪ್ಯಾರಿಸ್ ಆದಮೇಲೆ ಫ್ರಿಗೊ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 2025ರ ಜುಲೈ, ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್. ತಂಡಕ್ಕೆ ಹೊಸ ರಕ್ತ ಬಂದಿತ್ತು, 2007ರಲ್ಲಿ ಹುಟ್ಟಿದ ಕಾರ್ಲೋಸ್ ದಾಂಬ್ರೋಸಿಯೊ. ಫ್ರಿಗೊಗಿಂತ ಹತ್ತು ವರ್ಷ ಚಿಕ್ಕವನು. ಚಿನ್ನ ಮತ್ತೆ ಆಸ್ಟ್ರೇಲಿಯಾಕ್ಕೆ. ಇಟಲಿ ಎರಡನೆಯದು, 3:09.58. ಟೋಕಿಯೊದಲ್ಲಿ ಮಾಡಿದ ರಾಷ್ಟ್ರೀಯ ದಾಖಲೆ ನಾಲ್ಕು ವರ್ಷದ ಮೇಲೆ ಮುರಿಯಿತು, ಇಟಲಿ ಮೊದಲ ಸಲ 3 ನಿಮಿಷ 10 ಸೆಕೆಂಡ್‌ನ ಒಳಗೆ ಬಂತು. ಇಷ್ಟು ವರ್ಷ ತಟ್ಟಿದ ಬಾಗಿಲು ತೆರೆಯಿತು. ಆ ತಂಡದಲ್ಲೂ ಫ್ರಿಗೊ ಇದ್ದ.

ಮೂರನೇ ಸ್ಥಾನದ ಅಮೆರಿಕದ ಟೈಮ್ 3:09.64. ಅಂತರ 0.06 ಸೆಕೆಂಡ್. ಅರ್ಧ ಗೇಣು.